ಕೋರಮಂಡಲ್ ಲೈನಿನ ಬೇವಿನ ನೆರಳು

ಕಳೆದ ವಾರ ಬಂಗಾರಪೇಟೆಯ ನಮ್ಮ ಆಫೀಸಿಗೆ ಬೇವಿನ ಸಸಿಗಳು ಬಂದಿಳಿದವು. ಬೇರು ಒಣಗದಿರಲೆಂದು ಒದ್ದೆ ಗೋಣಿ ಸುತ್ತಿದ್ದರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಚಿಕ್ಕಂದಿನಲ್ಲಿ ನಾವಿದ್ದ ಕೋರಮಂಡಲ್‌ನ ಎದುರುಮನೆ ಪಾಟಿ ನೆನಪಾದರು... ಮಾಡುವ ಕೆಲಸ ಬಿಟ್ಟು ಅಲ್ಲೇ ನಿಂತುಬಿಟ್ಟೆ.

ಅಪ್ಪನಿಗೆ ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸ. ನಾವು ಬಾಡಿಗೆಗಿದ್ದದ್ದು ಅಲ್ಲಿನ ಕೋರಮಂಡಲ್‌ನಲ್ಲಿ, ಗಣಿಯವರು ಸಾಲಾಗಿ ಕಟ್ಟಿಸಿದ್ದ ಹಳೆಯ ಲೈನ್ ಮನೆಗಳ ನಡುವೆ. ಎದುರಿನದು ತಮಿಳರ ಮನೆ. ಅಜ್ಜಿಯನ್ನು ಬೀದಿಯವರೆಲ್ಲ ಪಾಟಿ ಎನ್ನುತ್ತಿದ್ದರು, ಅವರ ಗಂಡ ಎಲ್ಲರಿಗೂ ತಾತ. ಗಣಿಯ ಧೂಳು ತಾತನ ಎದೆಯಲ್ಲಿ ಠಿಕಾಣಿ ಹೂಡಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಬೇಸಿಗೆಯಲ್ಲಿ, ಚಿನ್ನ ತೆಗೆದು ಉಳಿದ ಮಣ್ಣು ಸುರಿದಿದ್ದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಎದ್ದರೆ ಬೀದಿಯೆಲ್ಲ ಬಿಳಿ ಪುಡಿ. ಆಗ ಪಾಟಿ ಬಾಗಿಲಿಗೆ ಒದ್ದೆ ಗೋಣಿ ಇಳಿಬಿಟ್ಟು ತಾತನನ್ನು ತಗಡಿನ ಮನೆಯೊಳಗೆ ಕೂಡಿಹಾಕುತ್ತಿದ್ದರು.

"ಜೀವಮಾನವೆಲ್ಲ ನೆಲದೊಳಗೆ ಕತ್ಲೇಲಿದ್ದೆ. ಈಗ್ಲೂ ಕತ್ಲೇನಾ? ನಾನು ಬೀದೀಲಿ ಕುಂತ್ಕಬೇಕು" ಎಂದು ತಾತ ಮಗುವಿನಂತೆ ಹಟ ಹಿಡಿಯುತ್ತಿದ್ದರು.

ಅದಕ್ಕೇ ಪಾಟಿ ಮನೆಯ ಮುಂದೆ ಬೇವಿನ ಸಾಲು ನೆಟ್ಟರು. ಧೂಳು ತಡೆಯಬೇಕು, ಗಂಡ ಹೊರಗೆ ಕೂರಲು ನೆರಳಾಗಬೇಕು. ಮೇಕೆಗಳಿಗಂತೂ ಹಬ್ಬವೋ ಹಬ್ಬ! ಅವು ಮೇಯುವುದು, ಪಾಟಿ ಗಿಡವನ್ನೂ ಬೈಯುತ್ತಾ ಮತ್ತೆ ನೆಟ್ಟು ಜಾಲಿಮುಳ್ಳು ಕಟ್ಟುವುದು. ಅಕ್ಕಿ ತೊಳೆದ ನೀರನ್ನು ನಮ್ಮ ಬಚ್ಚಲಿಗೆ ಚೆಲ್ಲಿದರೆ ಅಮ್ಮನಿಗೂ ಬೈಗುಳ ತಪ್ಪುತ್ತಿರಲಿಲ್ಲ. ಅದೂ ಬೇವಿಗೇ ಹೋಗಬೇಕಿತ್ತು.

"ಮರ ಆಗೋ ಒತ್ಗೆ ತಾತ ಇರ್ತಾರಾ ಪಾಟಿ?" ಎಂದು ಪಕ್ಕದ ಮನೆಯವರೊಬ್ಬರು ಕುಚೋದ್ಯ ಮಾಡಿದರು. ಪಾಟಿ ಗಂಡನ ಕಡೆ ತಿರುಗಿದರು.

"ಕೇಳಿಸ್ತಾ? ಮರ ಬೆಳೆಯೋಗಂಟ ನೀನೆಲ್ಲೂ ಓಗಂಗಿಲ್ಲ. ಆಮೇಲೆ ನಾ ಸುಮ್ಕಿರಾಕಿಲ್ಲ, ನೋಡು!"

ತಾತ ಹೆದರಿದವರಂತೆ ತಲೆಯಾಡಿಸಿದರು.

ಮರಗಳು ಬೆಳೆದವು. ನೋಡಿ ನೋಡಿ ಬೀದಿಯವರೂ ಮನೆ ಮನೆ ಮುಂದೆ ನೆಟ್ಟರು. ತಾತ ಕೊಟ್ಟ ಮಾತು ಉಳಿಸಿಕೊಂಡರು. ಹೋದವರು ಪಾಟಿ... ಸಣ್ಣ ಜ್ವರ ಬಂದದ್ದೇ ನೆಪ, ಹೇಳದೆ ಕೇಳದೆ ಹೊರಟುಬಿಟ್ಟರು. ಆ ಬೇಸಿಗೆಯಲ್ಲಿ ತಾತ ನೆರಳಿಗೆ ಬಂದು ಕೂತರು. ಆಗಾಗ ಎದ್ದು, ನಿಂತು ನಿಂತು ಉಸಿರೆಳೆದುಕೊಳ್ಳುತ್ತಾ ಒಂದು ಚೊಂಬು ನೀರು ತಂದು ಬುಡಕ್ಕೆ ಹಾಕುತ್ತಿದ್ದರು. ಇಷ್ಟು ದೊಡ್ಡ ಮರಕ್ಕೆ ಚೊಂಬು ನೀರು ಯಾಕೆ ತಾತ ಎಂದು ಕೇಳಿದೆ.

"ಸುಮ್ಕಿರು ನನ್ ಕಣ್ಣು, ನಿಮ್ ಪಾಟಿ ಬೈತಾಳೆ" ಎಂದರು. ನನಗೆ ಅಳು ಬಂದುಬಿಟ್ಟಿತು.

ಉಪಗ್ರಹ ತೆಗೆದ ಚಿತ್ರಗಳಲ್ಲಿ ನೆಲ ಎಲ್ಲಿ ಹೆಚ್ಚು ಕಾಯುತ್ತಿದೆ ಎಂದು ನೋಡಿ, ಅಲ್ಲಿ ಮರ ನೆಡಿಸುವುದು ಈಗ ನನ್ನ ಕೆಲಸ. ಬಿಸಿಲು ವರ್ಷ ವರ್ಷವೂ ಏರುತ್ತಿದೆ, ಸುಮ್ಮನೆ ಕೂತರೆ ಆಗದು. ಸಸಿ ಬಂದ ದಿನವೇ ಕೋರಮಂಡಲ್‌ನ ಚಿತ್ರ ತೆರೆದೆ. ದಿಬ್ಬ, ತಗಡಿನ ಮನೆಗಳು, ಎಲ್ಲ ಕೆಂಪೋ ಕೆಂಪು. ನಡುವೆ ತಂಪು ತೋರಿಸುವ ಒಂದು ತುಂಡು ನೀಲಿ. ಜೊತೆಗೆ ಕೆಲಸ ಮಾಡುವ ಹುಡುಗಿ, "ಏನೋ ತಪ್ಪಾಗಿರ್ಬೇಕು ಮೇಡಂ, ತೆಗೆದುಬಿಡ್ಲಾ?" ಎಂದಳು.

"ಬೇಡಮ್ಮ. ಅದು ನಮ್ಮ ಬೀದಿ."

ತಾತನೂ ಹೋಗಿ ಎಷ್ಟೋ ವರ್ಷವಾಯಿತು. ಆ ಮನೆಯಲ್ಲಿ ಈಗ ಯಾರಿದ್ದಾರೋ ಗೊತ್ತಿಲ್ಲ. ಎಲ್ಲಿ ನೆಡಬೇಕೆಂದು ಚಿತ್ರ ಹೇಳುತ್ತದೆ, ನಾನೂ ಊರೂರು ತಿರುಗಿ ನೆಡಿಸುತ್ತೇನೆ. ಆದರೆ ಗಿಡವನ್ನೂ ಗಂಡನನ್ನೂ ಹಾಗೆ ಬೈದು ಬೈದು ಬದುಕಿಸಿಕೊಂಡ ಇನ್ನೊಬ್ಬರನ್ನು ನಾನು ಮತ್ತೆ ಕಾಣಲಿಲ್ಲ.