ಒಂದು ಹೋಳಿನ ವ್ಯವಧಾನ

ಜಹೀರಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಕೊಹೀರಿನ ಪೇರಲಹಣ್ಣು ಮಾರುವ ಲಕ್ಷ್ಮೀಬಾಯಿ, ಬುಟ್ಟಿಯಿಂದ ಒಂದು ಹಣ್ಣೆತ್ತಿ, ತೆಳ್ಳಗೊಂದು ಹೋಳು ಕೊಯ್ದು, ಉಪ್ಪುಖಾರ ಸವರಿ ನನ್ನ ಮೂಗಿನ ಮುಂದೆ ಹಿಡಿಯುತ್ತಾಳೆ: "ಮೊದ್ಲು ತಿಂದು ನೋಡ್ರಿ, ಸಾಹೇಬ್ರ." ನಾನು ಆ ಹೋಳನ್ನು ಬಾಯಿಗಿಟ್ಟವನೇ ಅಲ್ಲ. ತಾಂಡೂರಿನ ಬಸ್ಸು ಇನ್ನೂ ನಿಲ್ದಾಣವನ್ನೇ ಪ್ರವೇಶಿಸಿರದಿದ್ದರೂ ಅದು ಹೊರಟೇಹೋಯಿತೆಂಬ ಗಾಬರಿಯಲ್ಲಿ, ಒಂದು ಕಾಲು ಮುಂದಿಟ್ಟುಕೊಂಡೇ "ಹಾಕವ್ವಾ, ಕಿಲೋ ಹಾಕು" ಎಂದುಬಿಡುತ್ತೇನೆ. ತಾಂಡೂರಿನಲ್ಲಿ ನಾನು ಗುಮಾಸ್ತನಾಗಿರುವುದು ನೆಲಹಾಸಿನ ಬಂಡೆ ಕೊಯ್ಯುವ ಕಾರ್ಖಾನೆಯಲ್ಲಿ. ಒಯ್ದ ಹಣ್ಣೂ ಬಂಡೆಯ ಕುಲದ್ದೇ ಆಗಿಬಿಟ್ಟರೆ ಸಹೋದ್ಯೋಗಿಗಳು ನಗದೆ ಇನ್ನೇನು ಮಾಡಿಯಾರು?

ನನ್ನಂಥ ಅವಸರದ ಪ್ರಾಣಿಯೊಂದು ನಿಮ್ಮ ಬಂಧುವರ್ಗದಲ್ಲೂ ಇದ್ದೇ ಇರುತ್ತದೆ: ಚಹಾ ಕುದಿಯುವ ಮುನ್ನವೇ ಬಸಿ ಹಿಡಿದು ನಿಲ್ಲುವವರು, ಲಿಫ್ಟಿನ ಗುಂಡಿಯನ್ನು ಮತ್ತೆ ಮತ್ತೆ ಒತ್ತುವವರು. ವಧುಪರೀಕ್ಷೆಗೆಂದು ನಾರಾಯಣಖೇಡಕ್ಕೆ ಹೋದಾಗಲಂತೂ ಮಂಡಕ್ಕಿ ಸುಸಲದ ತಟ್ಟೆ ಕೈಗೆ ಬರುವ ಮೊದಲೇ "ನಮಗ ಪಸಂದ್ ಅದರೀ" ಎಂದು ಘೋಷಿಸಿ, ಅಪ್ಪನಿಂದ ತೊಡೆ ಚಿವುಟಿಸಿಕೊಂಡಿದ್ದೆ. ಹುಡುಗಿ ಮಾತ್ರ "ವಿಚಾರ ಮಾಡಿ ಹೇಳ್ತೀನಿ" ಎಂದು ಒಳಗೆ ಹೋದವಳು ಅಮಾವಾಸ್ಯೆ ಕಳೆದ ಮೇಲೇ ಹೂಂ ಅಂದದ್ದು. ಆ ದಿನಗಳಲ್ಲಿ ನಾನು ಉಂಡದ್ದಕ್ಕಿಂತ ಅಂಗಳದಲ್ಲಿ ತಿರುಗಾಡಿದ್ದೇ ಹೆಚ್ಚು. ಆ ಹುಡುಗಿಯೇ ನನ್ನ ಹೆಂಡತಿ ಸುಮಿತ್ರಾ, ಈಗ ಝರಾಸಂಗಂ ಹತ್ತಿರದ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಮೇಡಂ.

ಅಂಗಡಿಯಲ್ಲಿ ತೆಲುಗು, ಓಣಿಯಲ್ಲಿ ದಖನಿ ಉರ್ದು, ಅವ್ವನ ಮುಂದೆ ಕನ್ನಡ ಆಡುವ ಮಕ್ಕಳಿಗಾಗಿ ಅವಳು ವರ್ಷಗಟ್ಟಲೆ ಕೂತು ಬರೆದು, ಚಿತ್ರ ಬಿಡಿಸಿ ಮಾಡಿದ ಪಾಠಗಳೆಲ್ಲ ನಮ್ಮ ಮನೆಯ ಮುದಿ ಕಂಪ್ಯೂಟರಿನ ಉದರದಲ್ಲಿದ್ದವು. ಕುಕ್ಕರು ಕೂಗಿ ಇಳಿದ ಮೇಲೂ ಕಣ್ಣು ಬಿಡದಷ್ಟು ಆಲಸಿಯಾಗಿದ್ದ ಆ ಯಂತ್ರ, ಒಂದು ದಿನ ನೀಲಿ ಪರದೆ ತೋರಿಸಿ ಅಲ್ಲೇ ಕೂತುಬಿಟ್ಟಿತು. ರಿಪೇರಿಯವನು ಅದನ್ನು ತೆರೆದೂ ನೋಡದೆ, ಎಲ್ಲ ಹೋಗಿದೆ, ಹೊಸದು ತೊಗೊಳ್ರಿ ಎಂದ. ಸುಮಿತ್ರಾ ಅಂದು ಊಟ ಮಾಡಲಿಲ್ಲ. ನನ್ನ ಕಸಿವಿಸಿ ಮಾತ್ರ ನೇರ ಕೈಗೆ ಇಳಿದುಬಿಡುತ್ತದೆ.

ಮರುದಿನವೇ ಸಹೋದ್ಯೋಗಿಯೊಬ್ಬರಿಂದ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ತಂದೆ. ಯಾರು ಬೇಕಾದರೂ ಒಳಗೆ ಇಣುಕಿ ನೋಡಬಹುದಾದ, ತಿದ್ದಬಹುದಾದ, ಹಳೆಯ ಯಂತ್ರಗಳ ಮೇಲೂ ದಯೆ ತೋರುವ, ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ ಅದು. ಚುಚ್ಚಿದೊಡನೆ ಪರದೆ ಬೆಳಗಿ, ಡಿಸ್ಕನ್ನು ಮುಟ್ಟದೆ ಬರೀ ಪ್ರಯತ್ನಿಸಿ ನೋಡುತ್ತೀರೋ, ಸ್ಥಾಪಿಸಿಯೇ ಬಿಡುತ್ತೀರೋ ಎಂದು ಕೇಳಿತು. ಕೇಳಬೇಕೆ! ಸ್ಥಾಪನೆಯನ್ನೊತ್ತಿ, ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಲೇ ಎಂಬ ಪ್ರಶ್ನೆಗೂ ಹೌದೆನ್ನಲು ಬೆರಳೆತ್ತಿದ್ದೆ. ಸುಮಿತ್ರಾ ಗಪ್ಪನೆ ನನ್ನ ಮಣಿಕಟ್ಟು ಹಿಡಿದಳು.

"ತಡೀರಿ! ಏನ್ ಅಳಸ್ತದ ಅದು?"

"ಎಲ್ಲಾ ಹೋಗ್ಯಾವ ಅಂತ ಅವ ಹೇಳ್ಯಾನಲ್ಲ?"

"ಅವ ಹೇಳ್ಯಾನ, ನಾ ನೋಡಿಲ್ಲ. ಸರೀರಿ ಅತ್ತಾಗ."

ಹಿಂದಕ್ಕೆ ಹೋಗಿ ಪ್ರಯತ್ನದ ಗುಂಡಿಯೊತ್ತಿ ಅವಳು ಕುರ್ಚಿಯಲ್ಲಿ ಪ್ರತಿಷ್ಠಾಪಿತಳಾದಳು. ಮುಂದಿನದು ನನ್ನ ಪಾಲಿಗೆ ಶುದ್ಧ ನರಕ. ಲಿನಕ್ಸ್ ಎಂಬ ಹೆಸರನ್ನೇ ಅಂದು ಮೊದಲ ಸಲ ಕೇಳಿದವಳು ಪರದೆಯ ಒಂದೊಂದು ಚಿತ್ರವನ್ನೂ ಮುಟ್ಟಿ ನೋಡಿದಳು, ಹಿನ್ನೆಲೆಗೊಂದು ಬೆಟ್ಟ ಹಾಕಿ ತೆಗೆದಳು, ಕನ್ನಡದ ಕೀಲಿಮಣೆ ಹುಡುಕಿ ತನ್ನ ವಿದ್ಯಾರ್ಥಿಗಳ ಹೆಸರು ಬರೆದಳು. ನಾನು ಅಡುಗೆಮನೆಗೂ ಪಡಸಾಲೆಗೂ ಗಸ್ತು ತಿರುಗಿದೆ. ಯಾವ ಕಾರಣವೂ ಇಲ್ಲದೆ ಫ್ರಿಜ್ ತೆರೆದು ಮುಚ್ಚಿದೆ. ಬೆಳಿಗ್ಗೆಯೇ ನೀರು ಕುಡಿದ ತುಳಸಿಗೆ ಮತ್ತೆ ನೀರೆರೆದೆ.

"ಏನ್ರೀ, ಇಲ್ಲಿ ಬರ್ರಿ!"

ತಂಬಿಗೆಯೊಂದಿಗೇ ಓಡಿದೆ. ಪರದೆಯ ಅಂಚಿನಲ್ಲಿದ್ದ ಡಿಸ್ಕಿನ ಪುಟ್ಟ ಚಿತ್ರವನ್ನು ಅವಳು ಒತ್ತಿದ್ದಳು. ಹಳೆಯದೆಲ್ಲ ಅಲ್ಲೇ ಇತ್ತು! ಒಂದನೆಯ ಪಾಠ, ಎರಡನೆಯದು, ಕುರಿಮರಿ ಜೋಳದ ಹೊಲ ಹೊಕ್ಕ ಕಥೆ, ಅವಳೇ ಬಿಡಿಸಿದ ಆ ಸೊಟ್ಟ ಕಿವಿಯ ಕುರಿಮರಿ. ಕೆಟ್ಟದ್ದು ಹಳೆಯ ವ್ಯವಸ್ಥೆ ಮಾತ್ರ. ಪಾಠಗಳಿಗೆ ಏನೂ ಆಗಿರಲಿಲ್ಲ. ಸುಮಿತ್ರಾ ಸೆರಗಿನಿಂದ ಮುಖ ಮುಚ್ಚಿಕೊಂಡು ಗಳಗಳನೆ ಅತ್ತಳು. ನಾನು ನನ್ನ ತೋರುಬೆರಳನ್ನೇ ನೋಡುತ್ತ ನಿಂತೆ.

ಪಾಠಗಳೆಲ್ಲ ಬೇರೊಂದು ಪೆನ್‌ಡ್ರೈವಿಗೆ ಇಳಿಯುವವರೆಗೆ, ಇರುವೆಯಂತೆ ಹರಿಯುತ್ತಿದ್ದ ಹಸಿರು ಗೆರೆಯನ್ನು ನೋಡುತ್ತ ಅವಳ ಪಕ್ಕದಲ್ಲೇ ಕೂತೆ. ಎದ್ದರೆ ಎಲ್ಲಿ ನಿಂತುಹೋಗುತ್ತದೋ ಎಂಬ ಭಯಕ್ಕೆ ಕೆಮ್ಮನ್ನೂ ನುಂಗಿಕೊಂಡೆ. ಮುಗಿದ ಮೇಲೆ, "ಈಗರೆ ಸ್ಥಾಪನಾ ಮಾಡೋಣೇನು?" ಎಂದೆ. "ಇನ್ನಾ ಸ್ವಲ್ಪ ದಿನ ನೋಡ್ತೀನ್ರಿ. ಅವಸರ ಏನದ?" ಎಂದಳು. ಅವಸರ ಯಾತಕ್ಕೆಂಬುದು ನನಗೆ ಜನ್ಮದಲ್ಲೇ ಗೊತ್ತಾಗಿಲ್ಲ, ಅದು ಇರುವುದಂತೂ ನಿಜ.

ಮರುದಿನ ಇಬ್ಬರೂ ಬಸ್ ಸ್ಟ್ಯಾಂಡಿಗೆ ಬಂದೆವು, ಅವಳು ಝರಾಸಂಗಂ ಬಸ್ಸಿಗೆ, ನಾನು ತಾಂಡೂರಿಗೆ. ಲಕ್ಷ್ಮೀಬಾಯಿ ಎಂದಿನಂತೆ ಹೋಳು ಹಿಡಿದಳು. ತಾಂಡೂರಿನ ಬಸ್ಸಿನ ಡ್ರೈವರ್ ಹಾರ್ನ್ ಹೊಡೆದ, ನನ್ನ ಬಲಗಾಲು ತಾನಾಗಿ ಮುಂದೆ ಹೋಯಿತು. ಎಡಗಾಲನ್ನು ಹೇಗೋ ಹಿಡಿದು ನಿಲ್ಲಿಸಿ, ಹೋಳನ್ನು ಮುರಿದು ಅರ್ಧ ಹೆಂಡತಿಗೆ ಕೊಟ್ಟು, ಅರ್ಧ ಬಾಯಿಗಿಟ್ಟುಕೊಂಡೆ. ಅಗಿಯುತ್ತ ಅಗಿಯುತ್ತ, ಇಷ್ಟು ವರ್ಷ ಕೇಳದೆ ಉಳಿದಿದ್ದೊಂದು ಬಾಯಿಗೆ ಬಂತು.

"ಅಲ್ಲಾ ಸುಮಿತ್ರಾ, ಆವಾಗ ನಾರಾಯಣಖೇಡದಾಗ ಅಷ್ಟು ದಿನ ವಿಚಾರ ಮಾಡಿ, ಕಡೀಗೆ ನನ್ನ ಹೆಂಗ ಪಸಂದ್ ಮಾಡ್ದಿ?"

ಅವಳು ಸಾವಕಾಶ ನುಂಗಿ, ಬೆರಳಿನ ಉಪ್ಪು ಒರೆಸಿಕೊಂಡಳು.

"ಎಲ್ಲಿ ಮಾಡೀನ್ರಿ? ಇನ್ನೂ ನೋಡಾಕತ್ತೀನಿ."

ತಾಂಡೂರಿನ ಬಸ್ಸು ಹೊರಟೇಹೋಯಿತು. ನಾನು ಇನ್ನೊಂದು ಹೋಳಿಗೆ ಕೈ ಚಾಚಿದೆ.