ಆನೆ ಸುದ್ದಿಯ ನಡುವಣ ಮೌನ

ಹೆಸರುಕಾಳಿಗಿಂತ ತುಸು ದೊಡ್ಡದಾದ ಕಡುಗೆಂಪು ಸ್ಟಿಕ್ಕರ್ ಬೊಟ್ಟೊಂದು ಅಲಾರಾಂ ದೀಪದ ಮೇಲೆ ಸರಿಯಾಗಿ ನಡುವಿಗೆ ಅಂಟಿತ್ತು. ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. ಕೆಳಗಿನ ದೀಪ ಚೆನ್ನಾಗಿಯೇ ಇತ್ತು.

"ನಾನೇ ಅಂಟ್ಸಿದ್ದು ಕಣ್ರೀ," ಎಂದರು ನಾಗರತ್ನ. "ದಿನಾ ಸಾಯಂಕಾಲ ಆದ್ರೆ ಸಾಕು, ನನ್ನ ನೋಡಿ ಕಣ್ಣು ಹೊಡೀತಿತ್ತು. ಮಾನವಂತರು ಮಾಡೋ ಕೆಲ್ಸವಾ ಅದು?"

ಹುಣಸೂರಿನ ಒಂದು ಮಹಡಿ ಮನೆಯಲ್ಲಿರುವ ಪುಟ್ಟ ಸಮುದಾಯ ರೇಡಿಯೋದ ಸ್ಟುಡಿಯೋ ಅದು. ನಾಗರತ್ನ ಅಲ್ಲಿನ ಉದ್ಘೋಷಕಿ. ನಾನು ಆ ಬೆಳಿಗ್ಗೆ ಮೈಸೂರಿನಿಂದ ಬಸ್ಸಿನಲ್ಲಿ ಬಂದಿದ್ದೆ. ಹೆಂಗಸರಿಗೆ ಟಿಕೆಟ್ಟು ಉಚಿತವಾದ್ದರಿಂದ ಆಧಾರ್ ತೋರಿಸಿ ಕಿಟಕಿಯ ಪಕ್ಕ ಕೂತೆ. ಬಿಳಿಕೆರೆಯವರೆಗೂ ಮಂಜು ಕವಿದಿತ್ತು. ನಲವತ್ತೈದು ಕಿಲೋಮೀಟರಿಗೆ ಒಂದೂಕಾಲು ಗಂಟೆ ಹಿಡಿಯಿತು. ಬಸ್ ಸ್ಟ್ಯಾಂಡಿನ ಬಳಿ ಸೆಟ್ ದೋಸೆ ತಿಂದು, ಉಪಕರಣಗಳ ಚೀಲ ಹೊತ್ತು ಮಹಡಿ ಹತ್ತಿದ್ದೆ.

ಈ ರೇಡಿಯೋದ ಟ್ರಾನ್ಸ್‌ಮಿಟರ್ ಇರುವುದು ಹುಣಸೂರಿನಲ್ಲಲ್ಲ, ಹನಗೋಡಿನ ಆಚೆಯ ಗುಡ್ಡವೊಂದರ ಮೇಲೆ. ಅಲ್ಲಿ ಯಾರೂ ವಾಸವಿಲ್ಲ. ಆದ್ದರಿಂದ ಟ್ರಾನ್ಸ್‌ಮಿಟರ್ ಪಕ್ಕದಲ್ಲೇ ಸಿಮ್ ಹಾಕಿದ ಒಂದು ಪೆಟ್ಟಿಗೆಯನ್ನು ಕಾವಲಿಗೆ ಇಟ್ಟಿದ್ದಾರೆ. ಪ್ರಸಾರ ನಿಂತರೆ ಅದು ಸ್ಟುಡಿಯೋದ ಕೆಂಪು ದೀಪ ಹೊತ್ತಿಸಬೇಕು, ಫೋನುಗಳಿಗೆ ಮೆಸೇಜು ಕಳಿಸಬೇಕು. ಇಂಥ ಪೆಟ್ಟಿಗೆಗಳನ್ನು ಹೊಂದಿಸುವುದು ನನ್ನ ಕೆಲಸ.

ಕಾಡಂಚಿನ ಊರುಗಳಿಗೆ ಈ ರೇಡಿಯೋ ಬೇಕಾಗಿರುವುದು ಸಂಜೆಯ ಆನೆ ಸುದ್ದಿಗಾಗಿ. ಅರಣ್ಯ ಇಲಾಖೆಯ ವಾಚರ್‌ಗಳು ಫೋನಿನಲ್ಲಿ ತಿಳಿಸಿದ್ದನ್ನು ನಾಗರತ್ನ ಓದುತ್ತಾರೆ: ಆನೆಗಳು ಎಲ್ಲಿವೆ, ಯಾವ ಕಡೆಗೆ ಹೊರಟಿವೆ. ಹಿಂದಿನ ತಿಂಗಳು ಸುದ್ದಿಯ ನಡುವೆಯೇ ಪ್ರಸಾರ ನಿಂತುಹೋಗಿ, ಯಾರಿಗೂ ಗೊತ್ತಾಗದೆ, ರೈತರೊಬ್ಬರು ಕಾಲು ಮುರಿದುಕೊಂಡಿದ್ದರು. ನೆಚ್ಚಲಾಗದ ಸುದ್ದಿಗಿಂತ ಸುದ್ದಿಯೇ ಇಲ್ಲದಿರುವುದು ಮೇಲು, ಅಲಾರಾಂ ಸರಿಹೋಗದಿದ್ದರೆ ನಿಲ್ಲಿಸಿಬಿಡೋಣ ಎಂದು ಕೇಂದ್ರ ನಡೆಸುವವರು ನಾಗರತ್ನ ಅವರಿಗೆ ಹೇಳಿದ್ದರು.

ದೀಪ ದಿನವೂ ಏಕೆ ಮಿನುಗುತ್ತಿತ್ತೆಂದು ತಿಳಿಯಲು ಹಳೆಯ ಸುದ್ದಿಯೊಂದರ ಧ್ವನಿಮುದ್ರಣ ಹಾಕಿಸಿ ಕೇಳಿದೆ. ಒಂದು ಊರಿನ ಸುದ್ದಿ ಓದಿದ ಮೇಲೆ ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಮುಂದಿನ ಊರು.

"ಇದೇನು?" ಎಂದೆ.

"ಕೂಗಕ್ಕೆ ಬುಡೋ ಹೊತ್ತು. ರೇಡಿಯೋ ಇರೋದು ಒಬ್ರ ಹತ್ರ, ಹೊಲದಲ್ಲಿರೋರು ಹತ್ತು ಜನ. ಕೇಳ್ದೋರು ಪಕ್ಕದ ಹೊಲಕ್ಕೆ ಕೂಗಿ ಹೇಳ್ಬೇಕಲ್ವಾ? ಅವ್ರು ಕೂಗೋವಾಗ ನಾನು ಮುಂದಿಂದು ಓದಿದ್ರೆ ಅದು ತಪ್ಪೋಯ್ತದೆ."

ಆ ಹೊತ್ತಿನಲ್ಲಿ ಅವರು ಮೈಕಿನ ಧ್ವನಿಯನ್ನು ಪೂರ್ತಿ ಇಳಿಸಿಬಿಡುತ್ತಿದ್ದರು. ಇಪ್ಪತ್ತು ಸೆಕೆಂಡು ಧ್ವನಿಯಿಲ್ಲದಿದ್ದರೆ ಪ್ರಸಾರ ನಿಂತಿದೆ ಎಂದು ತಿಳಿಯುವಂತೆ ಪೆಟ್ಟಿಗೆಯನ್ನು ಹೊಂದಿಸಲಾಗಿತ್ತು. ಅದಕ್ಕೇ ಅದು ದಿನವೂ ಕೂಗಿ, ದಿನವೂ ಸುಳ್ಳಾಗಿ, ಕೊನೆಗೆ ದೀಪಕ್ಕೆ ಬೊಟ್ಟೂ ಫೋನಿನ ಮೆಸೇಜುಗಳಿಗೆ ಮ್ಯೂಟೂ ಬಿದ್ದಿದ್ದವು. ನಿಜವಾಗಿ ನಿಂತ ದಿನ ಯಾರೂ ನೋಡಲಿಲ್ಲ.

ಉಪಾಯ ಸುಲಭವೆನಿಸಿತು. ಇಪ್ಪತ್ತು ಸೆಕೆಂಡನ್ನು ಒಂದೂವರೆ ನಿಮಿಷ ಮಾಡಿದರಾಯಿತು.

ಮಧ್ಯಾಹ್ನ ಗುಡ್ಡದ ಉಸ್ತುವಾರಿ ನೋಡುವ ರಾಜಣ್ಣನ ಸ್ಕೂಟರಿನಲ್ಲಿ ಹನಗೋಡಿಗೆ ಹೊರಟೆ. ಬಿಸಿಲು ಬಂದಿತ್ತಾದರೂ ಗಾಳಿ ತಣ್ಣಗಿತ್ತು. ಲಕ್ಷ್ಮಣತೀರ್ಥ ದಾಟಿದ ಮೇಲೆ ಎರಡೂ ಕಡೆ ರಾಗಿ ತೆನೆ ಬಲಿತು ನಿಂತಿತ್ತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು ಈ ವರ್ಷದ ಕೆಲಸ ಮುಗಿಸಿ ಬಾಗಿಲು ಹಾಕಿಕೊಂಡಿದ್ದವು.

"ಆನೆಗೂ ಗೊತ್ತು ಮೇಡಂ, ಯಾವ ಹೊಲ ಮೊದ್ಲು ಬಲೀತದೆ ಅಂತ," ಎಂದರು ರಾಜಣ್ಣ. "ನಮ್ ಭಾವಮೈದನಿಗೇ ಗೊತ್ತಾಗಕಿಲ್ಲ."

ಗುಡ್ಡ ಹತ್ತಲು ಕಾಲು ಗಂಟೆ ಸಾಕಾಯಿತು. ಪೆಟ್ಟಿಗೆಯಲ್ಲಿ ದೋಷವಿರಲಿಲ್ಲ. ಕರೆಂಟು ಹೋದದ್ದು, ಟ್ರಾನ್ಸ್‌ಮಿಟರ್ ನಿಂತದ್ದು, ಧ್ವನಿ ಬಾರದಿರುವುದು ಎಲ್ಲಕ್ಕೂ ಒಂದೇ ಮೆಸೇಜು ಹೋಗುತ್ತಿತ್ತು. ಅವನ್ನು ಬೇರೆಬೇರೆ ಮಾಡಿ, ಮೌನದ ಮಿತಿಯನ್ನು ಒಂದೂವರೆ ನಿಮಿಷಕ್ಕೆ ಏರಿಸಿದೆ. ಇಳಿಯುವಾಗ, ಕಾಲು ಮುರಿದುಕೊಂಡ ಮಾದೇವಣ್ಣನ ಮನೆ ದಾರಿಯಲ್ಲೇ ಇದೆ, ಮಾತಾಡಿಸಿ ಹೋಗೋಣ ಎಂದು ರಾಜಣ್ಣ ಕರೆದರು. ನನಗೆ ಅಷ್ಟು ಇಷ್ಟವಿರಲಿಲ್ಲ. ಹೋದೆ.

ಮಾದೇವಣ್ಣ ಜಗಲಿಯ ಮೇಲೆ ಪಟ್ಟಿ ಕಟ್ಟಿದ ಕಾಲು ಚಾಚಿ ಕೂತಿದ್ದರು. ಅವರ ಹೆಂಡತಿ ಜಯಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಅವತ್ತು ಏನಾಯಿತೆಂದು ಕೇಳಿದೆ.

"ಆನೆ ಕೆರೆ ಏರಿ ಮೇಲವೆ ಅಂದ್ರು ನಾಗರತ್ನಮ್ಮ. ಸುಮ್ಮಗಾದ್ರು. ಕೂಗಕ್ಕೆ ಬುಟ್ಟವ್ರೆ ಅಂದ್ಕೊಂಡು ಆಚೆ ಹೊಲಕ್ಕೆ ಕೂಗ್ದೆ. ಯಾವ ಕಡೀಕೆ ಹೊಂಟವೆ ಅಂತ ಇನ್ನೇನು ಹೇಳ್ತಾರೆ ಅಂತ ಕಾಯ್ತಾ ನಿಂತೆ. ಹೇಳ್ನೇ ಇಲ್ಲ. ಕತ್ಲಾಯ್ತು. ತಿರುಗಿ ನೋಡಿದ್ರೆ ರಾಗಿ ಒಳಗೇ ನಿಂತದೆ. ಓಡಿ ಕಂದಕಕ್ಕೆ ಬಿದ್ದೆ."

"ಆನೆ ತಡೀಲಿ ಅಂತ ತೋಡಿದ್ ಕಂದಕ," ಎಂದರು ಜಯಮ್ಮ ಕಾಯಿಯಿಂದ ಕಣ್ಣೆತ್ತದೆ. "ಇವ್ರನ್ನ ತಡೀತು."

ಇನ್ನು ಹಾಗಾಗುವುದಿಲ್ಲ, ಒಂದೂವರೆ ನಿಮಿಷದಲ್ಲಿ ನಮಗೆ ಅಲಾರಾಂ ಬರುತ್ತದೆ ಎಂದು ವಿವರಿಸಿದೆ. ಮಾದೇವಣ್ಣ ಕೊನೆಯವರೆಗೂ ಕೇಳಿದರು.

"ನಿಮ್ಗೆ ಗೊತ್ತಾಯ್ತದೆ ಕಣವ್ವ. ಹೊಲದಲ್ಲಿ ನಿಂತೋನಿಗೆ ಹೆಂಗೆ ಗೊತ್ತಾಯ್ತದೆ? ಅದು ಕೂಗಕ್ಕೆ ಬುಟ್ಟಿರೋದೋ, ಸತ್ತಿರೋದೋ? ಎರಡೂ ಒಂದೇ ಥರ ಕೇಳ್ತದೆ." ಅಂದಿನಿಂದ ಅವರು ರೇಡಿಯೋ ಹಚ್ಚಿರಲಿಲ್ಲ. ಅದು ಅಟ್ಟ ಸೇರಿತ್ತು.

ಅಲ್ಲಿಂದಲೇ ನಾಗರತ್ನ ಅವರಿಗೆ ಫೋನು ಮಾಡಿ, ಇವತ್ತು ಕೂಗಲು ಬಿಡುವಾಗ ಮೈಕು ಇಳಿಸಬೇಡಿ, ಕಿಟಕಿಯನ್ನೂ ತೆರೆದಿಡಿ ಎಂದೆ.

"ಪಕ್ಕದ ಮನೆ ಕುಕ್ಕರ್ ಸೀಟಿ ಹೋಯ್ತದೆ ಕಣ್ರೀ. ಬಸ್ಸಿನ ಹಾರ್ನು. ಜನ ನಗಲ್ವಾ?"

"ನಗಲಿ. ಸದ್ದು ಇದ್ದರೆ ನೀವಿದ್ದೀರಿ ಅಂತ ಅರ್ಥ. ಏನೂ ಕೇಳಿಸದಿದ್ದರೆ ನಿಂತಿದೆ, ಮನೆಗೆ ಬನ್ನಿ ಅಂತ ಅರ್ಥ. ಸುದ್ದಿಗೆ ಮುಂಚೆ ನೀವೇ ಇದನ್ನು ಹೇಳಿಬಿಡಿ."

ಇನ್ನೊಂದು ಕೆಲಸವನ್ನೂ ಒಪ್ಪಿಸಿದೆ. ಮಾದೇವಣ್ಣನದು ಹಳೆಯ ಕೀಪ್ಯಾಡ್ ಫೋನು, ಕನ್ನಡದ ಮೆಸೇಜು ಅದರಲ್ಲಿ ಬರೀ ಚೌಕಗಳಾಗಿ ಕಾಣುತ್ತಿತ್ತು. ಆದ್ದರಿಂದ ನಾಗರತ್ನ "ರೇಡಿಯೋ ನಿಂತಿದೆ, ಹೊಲದಲ್ಲಿದ್ದರೆ ಮನೆಗೆ ಬನ್ನಿ" ಎಂದು ಹೇಳಿದ್ದನ್ನು ವಾಟ್ಸಾಪಿನಲ್ಲಿ ತರಿಸಿಕೊಂಡೆ. ಮತ್ತೆ ಗುಡ್ಡ ಹತ್ತಿ, ಪ್ರಸಾರ ನಿಂತಾಗ ಫೋನು ಮಾಡಿ ಅದನ್ನೇ ಕೇಳಿಸುವಂತೆ ಪೆಟ್ಟಿಗೆಗೆ ತುಂಬಿದೆ. ಇನ್ನು ಬಿಡುವಿನಲ್ಲೂ ಸದ್ದಿರುವುದರಿಂದ ಮೌನದ ಮಿತಿಯನ್ನು ಹಿಂದಿನ ಇಪ್ಪತ್ತು ಸೆಕೆಂಡಿಗೇ ಇಳಿಸಿ, ಕರೆ ಹೋಗುವ ನಂಬರುಗಳಲ್ಲಿ ಮಾದೇವಣ್ಣನದನ್ನೂ ಸೇರಿಸಿದೆ.

ಸಂಜೆ ನಾವು ಅವರ ಮನೆಗೆ ಮರಳಿದಾಗ ಜಯಮ್ಮ ಅಟ್ಟದಿಂದ ರೇಡಿಯೋ ಇಳಿಸಿ ಸೆರಗಿನಿಂದ ಧೂಳು ಒರೆಸಿ ಗಂಡನ ಪಕ್ಕ ಇಟ್ಟರು. ಅವರು ಅದನ್ನು ಮುಟ್ಟಲಿಲ್ಲ. ಜಯಮ್ಮನೇ ಹಚ್ಚಿದರು. ನಾಗರತ್ನ ಮೊದಲ ಊರಿನ ಸುದ್ದಿ ಓದಿ ಸುಮ್ಮನಾದರು. ದೂರದಲ್ಲೊಂದು ಬಸ್ಸು ಗೇರು ಬದಲಾಯಿಸಿತು. ಯಾರೋ ಕೆಮ್ಮಿದರು. ಕುಕ್ಕರ್ ಉದ್ದಕ್ಕೆ ಸೀಟಿ ಹಾಕಿತು.

"ಹುಣಸೂರಲ್ಲಿ ಬೇಳೆ ಬೆಂತು," ಎಂದರು ಜಯಮ್ಮ.

ಮಾದೇವಣ್ಣ ನಗಲಿಲ್ಲ. ಕಂಬ ಹಿಡಿದು ಒಂದೇ ಕಾಲಿನ ಮೇಲೆ ಎದ್ದು, ಆಚೆ ಹೊಲದ ಕಡೆ ತಿರುಗಿ, ಊರಿನ ಹೆಸರನ್ನೂ ಆನೆಗಳ ಲೆಕ್ಕವನ್ನೂ ಕೂಗಿದರು. ಅಲ್ಲಿಂದ ಉತ್ತರ ಬಂತು. ಪೆಟ್ಟಿಗೆಯಿಂದ ಸುಳ್ಳು ಮೆಸೇಜು ಬರದೆ ನನ್ನ ಫೋನು ಸುಮ್ಮನಿತ್ತು. ಆ ರಾತ್ರಿ ರಾಜಣ್ಣನ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು ಉಂಡು ಬೇಗ ಮಲಗಿದೆ.

ಮರುದಿನ ಬೆಳಿಗ್ಗೆ ರಾಜಣ್ಣನಿಂದ ಬೀಗದಕೈ ಇಸಿದುಕೊಂಡು ಒಬ್ಬಳೇ ಗುಡ್ಡ ಹತ್ತಿದೆ. ಬೆಳಗಿನ ಹಾಡುಗಳು ಪ್ರಸಾರವಾಗುತ್ತಿದ್ದವು. ಯಾರಿಗೂ ತಿಳಿಸದೆ ಟ್ರಾನ್ಸ್‌ಮಿಟರ್ ಆರಿಸಿದೆ. ಅದರ ಫ್ಯಾನು ಸುತ್ತು ಕಡಿಮೆಯಾಗಿ ನಿಂತಿತು. ಮೆಸೇಜು ಬಂತು, ಅದರ ಹಿಂದೆಯೇ ಯಾರದೋ ಕರೆ. ನಾಗರತ್ನ ಇರಬೇಕೆಂದುಕೊಂಡೆ. ಮಾದೇವಣ್ಣ.

"ರೇಡಿಯೋ ನಿಂತೋಗದೆ ಕಣವ್ವ. ನಾಗರತ್ನಮ್ಮನ ದನೀಲಿ ಫೋನ್ ಬಂತು. ಜಯಮ್ಮ ಹೊಲಕ್ಕೆ ಹೊಂಟಿದ್ಲು, ನಿಲ್ಸಿವ್ನಿ. ಆಚೆ ಹೊಲದೋರ್ಗೂ ಕೂಗಿವ್ನಿ. ನೀವೆಲ್ಲಿದ್ದೀರಿ?"

"ಗುಡ್ಡದ ಮೇಲೆ. ನಾನೇ ಆರಿಸಿದೆ, ಕರೆ ಬರುತ್ತೋ ಇಲ್ಲವೋ ನೋಡೋಣ ಅಂತ."

"ಬಂತಲ್ಲ," ಎಂದರು. "ಹಚ್ಚಿ ಮತ್ತೆ."

ಹಚ್ಚಿದೆ. ಫೋನು ಇಡದೆ ಕಿವಿಗೊಟ್ಟು ನಿಂತೆ. ಅವರ ಜಗಲಿಯಲ್ಲಿ ಹಾಡು ಮತ್ತೆ ಎದ್ದಿತು. ಅದರ ಮೇಲೆಯೇ, ಕೆಲಸಕ್ಕೆ ಹೋಗಿ ಎಂದು ಜಯಮ್ಮ ಆಚೆ ಹೊಲದವರಿಗೆ ಕೂಗುವುದು ಕೇಳಿಸಿತು.