ಅಪ್ಪನ ಮೇಲಿನ ಮ್ಯಾನೇಜರ್

ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಮಾರನೆಯ ವರ್ಷ ನಾನು ಶಿರಸಿಯ ಒಂದು ಬಸ್ ಕಂಪನಿಯಲ್ಲಿ ಮ್ಯಾನೇಜರ್ ಆದೆ. ಹೆಸರಷ್ಟೇ ದೊಡ್ಡದು. ಸ್ಟ್ಯಾಂಡಿನ ಮೂಲೆಯಲ್ಲಿ ತಗಡಿನ ಮಾಡಿನ ಕೋಣೆ, ಒಂದು ಮೇಜು, ಯಲ್ಲಾಪುರ, ಸಿದ್ದಾಪುರ, ಬನವಾಸಿ ಕಡೆ ಓಡುವ ಕೆಲವು ಬಸ್ಸುಗಳು. ಮ್ಯಾಟ್ರಿಕ್ ಪಾಸಾಗಿದ್ದಾನೆ, ಅಕ್ಷರ ದುಂಡಗಿದೆ ಎಂದು ಧಣಿಗಳು ನನ್ನನ್ನು ಆರಿಸಿದ್ದರು. ತೊಡಕು ಒಂದೇ ಇತ್ತು. ಆ ಕಂಪನಿಯ ಎಲ್ಲರಿಗಿಂತ ಹಳೆಯ ಡ್ರೈವರ್ ನನ್ನ ಅಪ್ಪ.

ಮೊದಲ ದಿನ ನಾನು ಕೋಣೆಯ ಬಾಗಿಲು ತೆರೆಯಲು ಹೋದಾಗ ಡ್ರೈವರುಗಳು, ಕಂಡಕ್ಟರುಗಳು ಹೊರಗಿನ ಬೆಂಚಿನ ಮೇಲೆ ಚಹಾ ಕುಡಿಯುತ್ತ ಕೂತಿದ್ದರು. ಅಪ್ಪ ಕಪ್ಪು ಕೆಳಗಿಟ್ಟು ಎದ್ದು ನಿಂತು, ಕೈ ಮುಗಿದು, "ನಮಸ್ಕಾರ್ರಿ ಸಾಹೇಬ್ರ" ಎಂದ. ಬೆಳಿಗ್ಗೆ ಅದೇ ಕೈ ನನ್ನ ತಾಟಿಗೆ ರೊಟ್ಟಿ ಹಾಕಿತ್ತು. ಅಪ್ಪ ಎದ್ದದ್ದು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ನನ್ನ ಮುಖ ಕಿವಿಯವರೆಗೆ ಬಿಸಿಯಾಯಿತು. ಬೀಗದ ಕೈ ಎಷ್ಟು ತಿರುಗಿಸಿದರೂ ಬೀಗ ತೆರೆಯದೆ, ಕಡೆಗೆ ಅಪ್ಪನೇ ಬಂದು ತೆಗೆದುಕೊಟ್ಟ.

ಮನೆಯಲ್ಲಿ ನಾನು, ಹಾಗೆ ಎದ್ದು ನಿಲ್ಲಬೇಡ, ನನಗೆ ತಲೆ ಎತ್ತುವುದಕ್ಕಾಗುವುದಿಲ್ಲ ಎಂದೆ. ಅಪ್ಪ ಬನವಾಸಿ ಕಡೆಯ ಮಾತಿನವನು, ಹೆಚ್ಚು ಆಡುವವನಲ್ಲ.

"ನಾನೇ ನಿನ್ನ ಮುಂದ ಕಾಲು ಚಾಚಿ ಕುಂತರ, ಉಳದವರು ನಿನ್ನ ಮಾತು ಕೇಳ್ತಾರೇನು?" ಎಂದು ಕೈ ತೊಳೆಯಲು ಎದ್ದ.

ಕೆಲಸ ಮಾತ್ರ ಚೆನ್ನಾಗಿಯೇ ನಡೆಯಿತು. ಯಾರು ಯಾವ ಬಸ್ಸಿಗೆ ಎಂದು ಕಪ್ಪು ಹಲಗೆಯ ಮೇಲೆ ಬರೆಸಿದೆ. ಹೊರಡುವ ಹೊತ್ತಿಗೆ ಗಂಟೆ ಹೊಡೆಸಿದೆ. ಚಹಾದಂಗಡಿಯಿಂದ ಡ್ರೈವರುಗಳನ್ನು ಕರೆತರುವುದು ನಿಂತುಹೋಯಿತು. ಧಣಿಗಳು ಬಂದವರು ಬೆನ್ನು ತಟ್ಟಿದರು. ಜನರನ್ನು ಹಿಡಿತದಲ್ಲಿಡುವುದು ಇಷ್ಟೇ ಎಂದು ನಾನು ನಂಬಿದೆ.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ, ಸಿದ್ದಾಪುರದ ಬಸ್ಸನ್ನು ಅಂದು ನೀನು ಒಯ್ಯಬೇಕೆಂದು ಬೆಂಚಿನ ಮೇಲಿದ್ದ ಬೇರೊಬ್ಬ ಡ್ರೈವರನಿಗೆ ಕಿಟಕಿಯಿಂದಲೇ ಹೇಳಿದೆ. ಆ ಡ್ರೈವರ್ ನನ್ನತ್ತ ತಿರುಗಿ "ಆತ್ರಿ" ಎಂದ. ಆದರೆ ಏಳಲಿಲ್ಲ. ಟೈರಿಗೆ ಒರಗಿ ಬೀಡಿ ಸೇದುತ್ತಿದ್ದ ಅಪ್ಪನ ಕಡೆ ನೋಡಿದ. ಅಪ್ಪ ಸ್ವಲ್ಪ ತಲೆ ಆಡಿಸಿದ ಮೇಲೆ ಎದ್ದು ಹೋದ. ಆಮೇಲೆ ನಾನು ಗಮನಿಸತೊಡಗಿದೆ. ಪ್ರತಿ ಸಲವೂ ಹಾಗೆಯೇ. ನನ್ನ ಮಾತು ಅಪ್ಪನನ್ನು ಮುಟ್ಟಿ ಬಂದ ಮೇಲೆಯೇ ಮಾತಾಗುತ್ತಿತ್ತು. ಸ್ಟ್ಯಾಂಡಿಗೆಲ್ಲ ಇದು ಗೊತ್ತಿತ್ತು, ಚಹಾದಂಗಡಿಯವನಿಗೂ ಗೊತ್ತಿತ್ತು. ತಿಳಿಯದವನು ನಾನೊಬ್ಬನೇ. ಅಂದಿನಿಂದ ಕಿಟಕಿಯ ಹತ್ತಿರ ಕೂರುವುದಕ್ಕೂ ಸಂಕೋಚವಾಗಿ ಮೇಜನ್ನು ಗೋಡೆಗೆ ಸರಿಸಿಕೊಂಡೆ.

ಅಪ್ಪನಿಗೆ ನನ್ನ ಮುಖ ನೋಡಿಯೇ ತಿಳಿದಿರಬೇಕು. ನನಗೆ ಹೇಳದೆ ಧಣಿಗಳ ಬಳಿ ಹೋಗಿ, ಯಲ್ಲಾಪುರದ ದಾರಿ ಸಾಕಾಯಿತು, ರಾತ್ರಿ ಸಿದ್ದಾಪುರದಲ್ಲಿ ವಸ್ತಿ ಮಾಡುವ ಬಸ್ಸು ಕೊಡಿ ಎಂದು ಕೇಳಿಕೊಂಡ. ಅಲ್ಲಿಂದಾಚೆ ಅವನು ದಿನಕ್ಕೊಮ್ಮೆ ಶಿರಸಿಗೆ ಬಂದು ಹೋಗುವಷ್ಟೇ ಆಯಿತು.

ಅಪ್ಪ ಸಿದ್ದಾಪುರದ ಬಸ್ಸಿಗೆ ಹೋದ ಮೇಲೆ ಯಾರೂ ನನಗೆ ಎದುರಾಡಲಿಲ್ಲ. ಹಲಗೆಯ ಮೇಲೆ ಬರೆದಷ್ಟು ಮಾಡುತ್ತಿದ್ದರು, ಬರೆಯದ್ದನ್ನು ಮಾಡುತ್ತಿರಲಿಲ್ಲ. ಒಬ್ಬನ ಬಸ್ಸು ಕೆಟ್ಟರೆ ಇನ್ನೊಬ್ಬ ಇಳಿದು ನೋಡುತ್ತಿರಲಿಲ್ಲ.

ಮುಂದಿನ ಮಳೆಗಾಲದ ಆರಂಭದಲ್ಲಿ, ಯಲ್ಲಾಪುರದಿಂದ ಬರುವ ಬೆಳಗಿನ ಬಸ್ಸು ಮಂಚಿಕೇರಿಯ ಆಚೆ ಮೋರಿಯ ಮಣ್ಣು ಕುಸಿದು ಹೂತುಕೊಂಡಿದೆ ಎಂದು ಮರದ ನಾಟಾ ಸಾಗಿಸುವ ಲಾರಿಯವನೊಬ್ಬ ಸುದ್ದಿ ತಂದ. ಎರಡೂ ಕಡೆ ಕಾಡು. ಬಸ್ಸಿನಲ್ಲಿ ಹೆಂಗಸರು, ಮಕ್ಕಳು ಇದ್ದರು. ಸ್ಟ್ಯಾಂಡಿನಲ್ಲಿ ಒಂದು ಖಾಲಿ ಬಸ್ಸು, ಇಬ್ಬರು ಡ್ರೈವರುಗಳು, ಇಬ್ಬರು ಕ್ಲೀನರುಗಳು ಇದ್ದರು. ಹೋಗಿ ಜನರನ್ನು ಕರೆತನ್ನಿ ಎಂದೆ. ಯಾರೂ ಅಲುಗಲಿಲ್ಲ. ಮತ್ತೆ ಹೇಳಿದೆ. ಧಣಿಗಳಿಗೆ ತಿಳಿಸುತ್ತೇನೆ ಎಂದೆ. ಹಾಗೆನ್ನುವಾಗ ನನ್ನ ದನಿ ಸೀಳಿದ್ದು ನನಗೇ ಕೇಳಿಸಿತು. ಟಿಕೆಟಿಗೆ ನಿಂತ ಜನ ತಿರುಗಿ ನೋಡುತ್ತಿದ್ದರು.

ಡ್ರೈವರುಗಳಲ್ಲಿ ಹಿರಿಯವನು ಮೆಲ್ಲನೆ ಹೇಳಿದ: "ಸಿಟ್ಟಾಗಬ್ಯಾಡ್ರಿ. ದಾರಿ ಎಷ್ಟು ಕುಸದೈತಿ ಅಂತ ನಿಮಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ನಿಮ್ಮಪ್ಪ ಆಗಿದ್ರ ಹೋಗ್ರಿ ಅಂತಿರಲಿಲ್ಲ, ಬರ್ರಿ ಅಂತಿದ್ದ."

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ಟಿಕೆಟ್ ಕಿಟಕಿ ಮುಚ್ಚಿ, ಆ ಖಾಲಿ ಬಸ್ಸು ಹತ್ತಿ ಡ್ರೈವರ್ ಸೀಟಿನ ಪಕ್ಕದಲ್ಲಿ ಕೂತೆ. ಬರ್ರಿ ಎನ್ನುವ ಮಾತು ಬಾಯಿಗೆ ಬರಲೇ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ನಾಲ್ವರೂ ಬಂದು ಹತ್ತಿದರು.

ಮೋರಿಯ ಬಳಿ ಬಸ್ಸಿನ ಹಿಂದಿನ ಗಾಲಿ ಅಚ್ಚಿನವರೆಗೆ ಕೆಸರಿನಲ್ಲಿತ್ತು. ನನಗೆ ಬಸ್ಸು ಓಡಿಸಲೂ ಬಾರದು, ಎತ್ತಲೂ ಬಾರದು. ಕಲ್ಲು ಹೊರು ಎಂದರೆ ಹೊತ್ತೆ, ಸೊಪ್ಪು ತಾ ಎಂದರೆ ತಂದೆ. ಗಾಲಿ ಒಮ್ಮೆಲೇ ತಿರುಗಿ ಮೈತುಂಬ ಕೆಸರು ಹಾರಿತು. ಮುಗ್ಗರಿಸಿ ಬಿದ್ದೆ. ಬಸ್ಸೇನೋ ಮೇಲೆ ಬಂತು. ಮರದಡಿ ಕೂತಿದ್ದ ಅಜ್ಜಿಯೊಬ್ಬಳು ತನ್ನ ಕುಡಿಯುವ ನೀರಿನ ತಂಬಿಗೆಯನ್ನು ನನಗೆ ಕೊಡುತ್ತ, "ಎಂತದೋ ತಮಾ, ನೀ ಹೊಸಾ ಕ್ಲೀನರನಾ?" ಎಂದು ಕೇಳಿದಳು. ಮ್ಯಾನೇಜರ್ ಎನ್ನಲು ನಾಚಿಕೆಯಾಗಿ ಸುಮ್ಮನೆ ಮುಖ ತೊಳೆದುಕೊಂಡೆ. ಆ ಹಿರಿಯ ಡ್ರೈವರ್ ಕೇಳಿಸಿಕೊಂಡ. ಗಾಲಿಯ ಕಡೆ ತಿರುಗಿ ಅಂಟಿದ ಕೆಸರು ಕೆರೆಯತೊಡಗಿದ.

ಅಪ್ಪನಿಗೆ ಮರುದಿನ ಯಾರೋ ಎಲ್ಲವನ್ನೂ ಹೇಳಿದ್ದರು. ಆ ವಾರ ಅವನು ರಜೆಗೆ ಮನೆಗೆ ಬಂದ. ಊಟ ಮುಗಿದು ಅವ್ವ ಒಳಗೆ ಹೋದ ಮೇಲೆ ತಲೆ ತಗ್ಗಿಸಿಯೇ ಹೇಳಿದ: "ನಾ ಎದ್ದು ನಿಂತರ ಸಾಕು, ನಿನಗ ಮರ್ಯಾದಿ ಸಿಗತೈತಿ ಅನ್ಕೊಂಡಿದ್ದೆ. ಅವರು ನನ್ನ ಮರ್ಯಾದಿ ಉಳಿಸ್ತಿದ್ರು ತಮ್ಮಾ, ನಿಂದಲ್ಲ. ನಾನೇ ಅಡ್ಡ ನಿಂತಂಗಾತು."

ಅಪ್ಪ ನಾಚಿಕೊಂಡದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗೆ ಬಸ್ಸು ಓಡಿಸಲು ಕಲಿಸು ಎಂದೆ. ಅಪ್ಪ ಕಲಿಸಿದ. ನಾನು ಕಲಿತದ್ದೂ ಅಷ್ಟಕ್ಕಷ್ಟೆ. ತಿರುವು ಬಂದರೆ ಕೈ ಬೆವರುತ್ತಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಆದರೂ ದಾರಿಯಲ್ಲಿ ಏನಾದರೂ ಆದಾಗ ಬಸ್ಸು ಹತ್ತುತ್ತಿದ್ದೆ. ಕೆಲವರು ನನ್ನನ್ನು ಹಚ್ಚಿಕೊಂಡರು, ಕೆಲವರು ಕಡೆಯವರೆಗೂ ಹಲಗೆ ನೋಡಿಯೇ ಕೆಲಸ ಮಾಡಿದರು. ಅವರನ್ನು ನಾನು ದೂರಲಾರೆ.

ಸಾವಿರದ ಒಂಬೈನೂರ ಅರವತ್ತು ದಾಟಿದ ಮೇಲೆ ಧಣಿಗಳು ಬಸ್ಸುಗಳನ್ನು ಮಾರಿದರು. ಅಪ್ಪನಿಗೂ ಕಣ್ಣು ಮಂಜಾಗಿತ್ತು, ಅವನು ಮನೆಯಲ್ಲಿ ಉಳಿದ. ನಾನು ಅಡಿಕೆ ವ್ಯಾಪಾರದ ಮಂಡಿಯೊಂದರಲ್ಲಿ ಕಾರಕೂನನಾದೆ. ಅಲ್ಲಿ ನನ್ನ ಕೈಕೆಳಗೆ ಯಾರೂ ಇರಲಿಲ್ಲ. ಮೊದಲ ದಿನದ ರಾತ್ರಿಯೇ ನನಗೆ ಎಷ್ಟೋ ವರ್ಷಗಳಿಂದ ಬಾರದಂಥ ಗಾಢ ನಿದ್ದೆ ಬಂತು. ಬೆಳಿಗ್ಗೆ ಎದ್ದು, ಅಪ್ಪ ಎದ್ದು ನಿಂತು ಕಾಯ್ದ ಆ ಕುರ್ಚಿ ಹೋದದ್ದಕ್ಕೇ ಇಷ್ಟು ಹಗುರಾದೆನಲ್ಲ ಎಂದು ಅವನ ಮುಖ ನೋಡಲು ನಾಚಿಕೆಯಾಯಿತು.